ಸಾಬೂನಿಗೆ ಹೋದ ಇಪ್ಪತ್ತು ಸೆಕೆಂಡು

ನ್ಯೂಜಿಲೆಂಡಿನ ಹಸಿರು, ಕುರಿ, ಬಿಸಿನೀರಿನ ಬುಗ್ಗೆ ಬೇಕಾದವರು ಬೇರೆ ಯಾರದಾದರೂ ಪುಸ್ತಕ ಓದಿಕೊಳ್ಳಬಹುದು. ಅವನ್ನೆಲ್ಲ ನಾನೂ ನೋಡಿದೆ, ಚೆನ್ನಾಗಿಯೇ ಇವೆ. ಆದರೆ ಅಲ್ಲಿ ಕಳೆದ ಎರಡು ತಿಂಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಜಗಳ. ಅದನ್ನೇ ಬರೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ: ನಾನು ಟಿವಿ ಧಾರಾವಾಹಿಗಳ ಶೀರ್ಷಿಕೆ ಸಂಗೀತಕ್ಕೆ ಪಿಟೀಲು ನುಡಿಸಿದವಳು. ಮನೆಮನೆಗೂ ಒಂದೇ ಚಾನೆಲ್ ಬರುತ್ತಿದ್ದ ಕಾಲದಲ್ಲಿ ಮೈಸೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಸ್ಟುಡಿಯೊಗೆ ಹೋಗಿ ನುಡಿಸಿ ಬರುತ್ತಿದ್ದೆ. ಇದನ್ನು ಹೇಳಿದ ಕೂಡಲೇ ನಮ್ಮೂರಿನ ಸಂಗೀತದ ಮಂದಿ ತುಟಿ ಒಂದು ಕಡೆಗೆ ಎಳೆಯುತ್ತಾರೆ. ಎಳೆಯಲಿ. ಒಲೆಯ ಮುಂದೆ ನಿಂತವರನ್ನು ಮುಕ್ಕಾಲು ನಿಮಿಷದೊಳಗೆ ಟಿವಿಯ ಮುಂದೆ ತಂದು ಕೂರಿಸುವುದು ಎಷ್ಟು ಕಷ್ಟವೆಂದು ಮೂರು ಗಂಟೆ ಕಛೇರಿ ಮಾಡುವವರಿಗೆ ಗೊತ್ತಿಲ್ಲ.

ಅವುಗಳಲ್ಲಿ ಒಂದರ ಕೊನೆಯಲ್ಲಿ ಇಪ್ಪತ್ತು ಸೆಕೆಂಡು ನನ್ನದಿತ್ತು. ಸಂಗೀತ ನಿರ್ದೇಶಕರು, "ಇಲ್ಲಿ ಏನಾದ್ರೂ ನೀವೇ ನುಡಿಸ್ಬಿಡಿ ವನಜಾ, ನಾನು ಬರ್ದಿಲ್ಲ" ಎಂದಿದ್ದರು. ಹದಿನೈದು ದಿನ ಮನೆಯಲ್ಲಿ ತಿದ್ದಿ ತೀಡಿ ನಾನೇ ಕಟ್ಟಿದ್ದು. ಜೀವನದಲ್ಲಿ ನಾನು ಸ್ವಂತವಾಗಿ ಕಟ್ಟಿದ ಸಂಗೀತ ಅದೊಂದೇ. ಮೊದಲ ಪ್ರಸಾರದ ಭಾನುವಾರ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ನಲವತ್ತೈದು ಸೆಕೆಂಡು ಆಯಿತು, ನನ್ನ ಭಾಗ ಬರಬೇಕು, ಸಾಬೂನಿನ ಜಾಹೀರಾತು ಬಂತು. ಪ್ರಾಯೋಜಕರಿಗೆ ಜಾಗ ಬೇಕಾಗಿತ್ತಂತೆ. "ಎಲ್ಲೇ ನಿಂದು?" ಎಂದು ಅಪ್ಪ ಕೇಳಿದರು. ಅಪ್ಪನೇ ನನ್ನ ಗುರು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಧಾರಾವಾಹಿಗೆ ನುಡಿಸಿದೆನೆಂಬ ಕಾರಣಕ್ಕೆ ಸಂಗೀತ ಸಭೆಯವರು ನನ್ನನ್ನು ಪಕ್ಕವಾದ್ಯಕ್ಕೆ ಕರೆಯುವುದನ್ನು ಬಿಟ್ಟರು. "ಕೈ ಕೆಟ್ಟಿದೆ" ಎಂದರಂತೆ. ಆಮೇಲೆ ಶಾಲೆಯೊಂದರಲ್ಲಿ ಸಂಗೀತದ ಮೇಡಂ ಆಗಿ ನಿವೃತ್ತಳಾದೆ.

ಆಕ್ಲೆಂಡ್ ವಿಮಾನ ನಿಲ್ದಾಣ

ನನ್ನ ಕೊನೆಯ ತಂಗಿ ಪದ್ಮಾ ಹ್ಯಾಮಿಲ್ಟನ್ ಊರಿನ ಉತ್ತರಕ್ಕಿರುವ ರೊಟೊಟೂನದಲ್ಲಿದ್ದಾಳೆ. ಸಿವಿಲ್ ಎಂಜಿನಿಯರು, ರಸ್ತೆ ಸೇತುವೆಗಳ ಕೆಲಸ. ನಾನು ಹೋದದ್ದು ಹದಿನಾಲ್ಕನೇ ಇಸವಿಯ ಆಗಸ್ಟಿನಲ್ಲಿ, ಅಲ್ಲಿನ ಚಳಿಗಾಲದ ಕೊನೆಗೆ. "ಉಪ್ಪಿನಕಾಯಿ ತರ್ಬೇಡ, ಚಟ್ನಿಪುಡಿ ತರ್ಬೇಡ, ಪಿಟೀಲು ಮಾತ್ರ ತಗೊಂಡ್ ಬಾ. ಆಕ್ಲೆಂಡಲ್ಲಿ ನಮ್ ಕನ್ನಡದೋರ ಪ್ರೋಗ್ರಾಂ ಇದೆ, ಒಂದು ಕ್ಲಾಸಿಕಲ್ ಐಟಂ ಬೇಕಂತೆ" ಎಂದು ಫೋನಿನಲ್ಲಿ ಹೇಳಿದ್ದಳು. ಹಾಗೇ ಮಾಡಿದೆ.

ಆದರೂ ತಪಾಸಣೆಯವನು ನನ್ನನ್ನು ಬಿಡಲಿಲ್ಲ. ಪೆಟ್ಟಿಗೆಯಲ್ಲಿದ್ದ ರಾಳದ ಉಂಡೆ ಅವನ ಕೈಗೆ ಸಿಕ್ಕಿತು. ಕಮಾನಿನ ಕೂದಲಿಗೆ ಉಜ್ಜುವ ಅಂಟು ಅದು, ನೋಡಲು ಪಾಕದ ಬೆಲ್ಲದ ಹಾಗಿರುತ್ತದೆ. ಮೂಸಿದ, ಬೆಳಕಿಗೆ ಹಿಡಿದ, ತಿನ್ನುವುದೇ ಎಂದು ಎರಡು ಸಲ ಕೇಳಿದ. ಆಮೇಲೆ ಮರದ ಸಾಮಾನು ಎಂದು ಪಿಟೀಲನ್ನು ತೆಗೆದು, ಸಣ್ಣ ಟಾರ್ಚು ಬಿಟ್ಟು, ಹುಳು ಹಿಡಿದಿದೆಯೇ ಎಂದು ಒಳಗೆಲ್ಲ ಇಣುಕಿದ. ಕೊನೆಗೆ, "ಇದು ಬಳಕೆಯಲ್ಲಿದೆಯೇ?" ಎಂದ.

ಹೌದು ಎಂದೆ. ಅದು ಸುಳ್ಳು. ಆದರೂ ಆ ಮನುಷ್ಯನ ಮೇಲೆ ನನಗೆ ಗೌರವ ಬಂತು. ಹುಳು ಇಲ್ಲ ಎನ್ನುವ ಮೊದಲು ಅವನು ಪೂರ್ತಿ ನೋಡಿದ್ದ. ಕೈ ಕೆಟ್ಟಿದೆ ಎಂದ ನಮ್ಮ ಸಭೆಯವರು ಕೇಳುವ ತೊಂದರೆಯನ್ನೂ ತೆಗೆದುಕೊಂಡಿರಲಿಲ್ಲ.

ರೊಟೊಟೂನ

ಆ ಬಡಾವಣೆಯಲ್ಲಿ ಮನೆಗಳೆಲ್ಲ ಹೊಸವು, ಬೇಲಿಗಳೂ ಹೊಸವು, ಬೀದಿಯಲ್ಲಿ ಮನುಷ್ಯರೇ ಇಲ್ಲ. ಕಂಡ ಒಬ್ಬಿಬ್ಬರು ಕೊರೆಯುವ ಚಳಿಯಲ್ಲಿ ಚಡ್ಡಿ ಹಾಕಿಕೊಂಡು, ಬರಿಗಾಲಿನಲ್ಲಿ ಮೂಲೆಯ ಡೈರಿಗೆ ಹೋಗುತ್ತಿದ್ದರು. ಡೈರಿ ಎಂದರೆ ಅಲ್ಲಿ ಹಾಲು, ಬ್ರೆಡ್ಡು, ಪೇಪರು ಎಲ್ಲ ಮಾರುವ ಚಿಕ್ಕ ಅಂಗಡಿ. ನಾನಾದರೋ ಎರಡು ಜೊತೆ ಕಾಲುಚೀಲ, ಮಂಕಿಕ್ಯಾಪು. ಮೈಸೂರಿನವಳೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಹಗಲು ಪದ್ಮಾ ಆಫೀಸಿಗೆ ಹೋದ ಮೇಲೆ ಗ್ಯಾರೇಜಿನಲ್ಲಿ ಚಾಪೆ ಹಾಸಿ ಸಾಧನೆಗೆ ಕೂರುತ್ತಿದ್ದೆ. ನಾಲ್ಕನೆಯ ದಿನ ಗ್ಯಾರೇಜಿನ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯವಳು ದೂರು ತಂದಳೆಂದುಕೊಂಡೆ. ಬೆಳ್ಳಿಕೂದಲಿನ ಎತ್ತರದ ಹೆಂಗಸು, ಕೊರಳಿನಲ್ಲಿ ಬ್ಯಾಂಜೊ. ನಮ್ಮ ಬ್ಯಾಂಡಿನವರು ಗುಂಡಿ ಒತ್ತಿ ನುಡಿಸುವಂಥದ್ದಲ್ಲ, ತಮಟೆಗೆ ಕೋಲು ಸಿಕ್ಕಿಸಿ ತಂತಿ ಕಟ್ಟಿದ ಹಾಗಿರುವ ವಾದ್ಯ. ಹೆಸರು ಗ್ಲೆನಿಸ್. ಮೂವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತಳಾದವಳು. ಇಲ್ಲಿಯವರ ಇಂಗ್ಲಿಷು ನನ್ನ ಕಿವಿಗೆ ನಮ್ಮ ಬೀದಿಯ ಕನ್ನಡದ ಹಾಗೆಯೇ ಕೇಳುತ್ತಿತ್ತು, ಇಲ್ಲೂ ಹಾಗೆಯೇ ಬರೆಯುತ್ತೇನೆ.

"ಒಂದು ವಾರದಿಂದ ಬೇಲಿ ಪಕ್ಕ ನಿಂತು ಕೇಳ್ತಿದೀನಿ. ಈ ಶನಿವಾರ ನಮ್ ಬ್ಲೂಗ್ರಾಸ್ ಇದೆ, ಬರ್ತೀಯಾ?"

"ನಾನು ಬಂದೇ ನಾಲ್ಕು ದಿನ ಆಯ್ತು" ಎಂದೆ.

"ಸರಿ, ನಾಲ್ಕು ದಿನದಿಂದ. ಬರ್ತೀಯೋ ಇಲ್ವೋ?"

ಬ್ಲೂಗ್ರಾಸ್ ಎಂದರೆ ಅಮೆರಿಕದ ಗುಡ್ಡಗಾಡಿನ ಕಡೆಯ ಸಂಗೀತ. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರು, ಎಲ್ಲವೂ ತಂತಿಯವು. ಹಾಲಿನ ಟ್ಯಾಂಕರಿನವಳು ನ್ಯೂಜಿಲೆಂಡಿನಲ್ಲಿ ಕೂತು ಅದನ್ನೇಕೆ ನುಡಿಸಬೇಕು ಎಂದು ನಾನು ಕೇಳಲಿಲ್ಲ. ಇಟಲಿಯವರ ಪಿಟೀಲಿನಲ್ಲಿ ನಾನು ತೋಡಿ ರಾಗವನ್ನೇಕೆ ನುಡಿಸುತ್ತೇನೆ ಎಂದು ಅವಳೂ ಕೇಳಲಿಲ್ಲ.

ಮೊದಲ ಶನಿವಾರ, ಹಳ್ಳಿಯ ಸಭಾಂಗಣ

ಊರಿನಿಂದ ಅರ್ಧ ಗಂಟೆ ದೂರ, ಹಸುಗಳ ನಡುವೆ ಒಂದು ಮರದ ಸಭಾಂಗಣ. ಬಾಗಿಲಲ್ಲಿ ಕೆಸರಿನ ಬೂಟುಗಳ ಸಾಲು ನೋಡಿ, ಚಪ್ಪಲಿ ಹೊರಗೆ ಬಿಡುವ ದೇಶವಿದು ಎಂದು ಸಮಾಧಾನವಾಯಿತು. ಒಳಗೆ ಹತ್ತು ಹನ್ನೆರಡು ಜನ ವೃತ್ತಾಕಾರವಾಗಿ ನಿಂತಿದ್ದರು. ಮೈಕಿಲ್ಲ, ವೇದಿಕೆಯಿಲ್ಲ, ಕೇಳುವವರೂ ಇಲ್ಲ. ಸರದಿಯಂತೆ ಒಬ್ಬೊಬ್ಬರು ಒಂದು ಹಾಡು ಶುರು ಮಾಡಬೇಕು. ಉಳಿದವರು ಸೇರಿಕೊಳ್ಳುತ್ತಾರೆ, ನಡುವೆ ಎಲ್ಲರಿಗೂ ಒಂದೊಂದು ಆವರ್ತ ಒಂಟಿಯಾಗಿ ನುಡಿಸಲು ಸಿಗುತ್ತದೆ. ಹೊಸಬರಿಗೂ ಸಿಗುತ್ತದೆ, ಕೆಟ್ಟದಾಗಿ ನುಡಿಸುವವರಿಗೂ ಸಿಗುತ್ತದೆ.

ಇವರ ಯಜಮಾನ ಮರ್ರಿ. ಎಪ್ಪತ್ತು ದಾಟಿದರೂ ಹಸು ಸಾಕಿ ಹಾಲು ಕರೆಯುವ ಗಿಟಾರಿನವನು, ನಗು ಎಂಬುದನ್ನು ಯಾರಿಗೋ ಕೊಟ್ಟು ವಾಪಸು ಪಡೆಯದ ಮುಖ. ನಾನು ನೆಲದ ಮೇಲೆ ಕಂಬಳಿ ಹಾಸಿ ಕೂತಾಗ ಹುಬ್ಬೇರಿಸಿದ. ಅವರ ಷಡ್ಜಕ್ಕೆ ತಂತಿಗಳನ್ನು ಸ-ಪ-ಸ-ಪ ಎಂದು ಕೂಡಿಸಿಕೊಂಡಾಗ ಮಾತ್ರ ಹತ್ತಿರ ಬಂದು, "ಬೆಟ್ಟದ ಮುದುಕರು ಹೀಗೇ ಶ್ರುತಿ ಮಾಡ್ತಿದ್ರು. ಈಗಿನೋರಿಗೆ ಗೊತ್ತಿಲ್ಲ" ಎಂದ.

ನನ್ನ ಸರದಿ ಬಂತು. ಶಂಕರಾಭರಣದ ಒಂದು ನೋಟುಸ್ವರ ಎತ್ತಿಕೊಂಡೆ, ಬ್ಯಾಂಡಿನವರ ಧಾಟಿಯದು, ಅವರಿಗೂ ಹಿಡಿಯುತ್ತದೆ ಎಂದು. ಹಿಡಿಯಿತು. ಎಲ್ಲರೂ ಸೇರಿಕೊಂಡರು. ಆದರೆ ಒಂದು ಆವರ್ತ ಮುಗಿಯುತ್ತಿದ್ದ ಹಾಗೇ ಹನ್ನೆರಡೂ ಜನ ಠಪ್ಪೆಂದು ನಿಲ್ಲಿಸಿಬಿಟ್ಟರು. ನಾನೊಬ್ಬಳೇ ಮುಂದೆ ಹೋಗಿ ತಡವರಿಸಿ ನಿಂತೆ. ಮತ್ತೆ ಶುರು ಮಾಡಿದೆ. ಮತ್ತೆ ನಿಲ್ಲಿಸಿದರು. ಮೂರನೆಯ ಸಲವೂ ಅಷ್ಟೇ. ನನ್ನ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಂದರೂ ನನ್ನ ಸಂಗೀತ ಮುಕ್ಕಾಲು ನಿಮಿಷಕ್ಕೇ ಸಾಕೆನಿಸಿತೇ?

"ನಂದು ಬೇಡ ಅಂದ್ರೆ ಬಾಯಿಬಿಟ್ಟು ಹೇಳಿ" ಎಂದು ಪಿಟೀಲು ಕೆಳಗಿಟ್ಟೆ.

ಗ್ಲೆನಿಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ತಿಳಿಯಿತು: ಹಾಡು ಶುರು ಮಾಡಿದವರು, ಇದೇ ಕೊನೆಯ ಸುತ್ತು ಎನ್ನಲು ಒಂದು ಕಾಲನ್ನು ಮುಂದಕ್ಕೆ ಚಾಚುವುದು ಬ್ಲೂಗ್ರಾಸಿನವರ ಸಂಜ್ಞೆ. ನಮ್ಮ ಪದ್ಧತಿಯಲ್ಲಿ ಪಿಟೀಲಿನ ತಲೆ ನಿಲ್ಲುವುದೇ ಮುಂದೆ ಚಾಚಿದ ಬಲಗಾಲಿನ ಮೇಲೆ. ನಾನು ಶುರು ಮಾಡಿದ ಕ್ಷಣದಿಂದ ಮುಗಿಸಿ ಮುಗಿಸಿ ಎಂದು ಅವರಿಗೆ ಹೇಳುತ್ತಲೇ ಇದ್ದೆ.

ಮರ್ರಿ ಅಡುಗೆಕೋಣೆಗೆ ಹೋಗಿ ಪಾತ್ರೆ ಒರೆಸುವ ಟವೆಲ್ ತಂದು, ಬಗ್ಗಿ ನನ್ನ ಪಾದಕ್ಕೆ ಹೊದಿಸಿದ. ಹಿರಿಯ ಮನುಷ್ಯ ಕಾಲು ಮುಟ್ಟಿದನಲ್ಲ ಎಂದು ನಾನು ಬೆಚ್ಚಿ ಕಾಲೆಳೆದುಕೊಂಡೆ, ಪಿಟೀಲು ಉರುಳುವುದರಲ್ಲಿತ್ತು. "ಅಲ್ಲಾಡ್ಬೇಡ. ಇನ್ಮೇಲೆ ಆ ಕಾಲು ಇಲ್ಲ ಅಂತ ಲೆಕ್ಕ" ಎಂದ. ಆಮೇಲೆ ಅದೇ ಹಾಡನ್ನು ಎಂಟು ಸುತ್ತು ನುಡಿಸಿದೆವು. ಮುಗಿಸಬೇಕಾದಾಗ ತಲೆ ಆಡಿಸಿದೆ.

ಎರಡನೆಯ ಶನಿವಾರ

ಹದಿನೈದು ದಿನಕ್ಕೆ ಮತ್ತೆ ಸೇರಿದರು. ಟೀ ವಿರಾಮದಲ್ಲಿ ಗ್ಲೆನಿಸ್ ಸುಮ್ಮನೆ ಬ್ಯಾಂಜೊ ಕೆದಕುತ್ತಾ ಅಮೆರಿಕದ ಯಾವುದೋ ಹಳೆಯ ಹಾಸ್ಯ ಧಾರಾವಾಹಿಯ ಶೀರ್ಷಿಕೆ ಹಾಡು ತೆಗೆದಳು. ನೋಡನೋಡುತ್ತಿದ್ದಂತೆ ಬಿಸ್ಕತ್ತು ಅಗಿಯುತ್ತಿದ್ದ ಬಾಯಿಗಳೆಲ್ಲ ಸಾಹಿತ್ಯ ಸಮೇತ ಹಾಡತೊಡಗಿದವು. ಅದಾದ ಮೇಲೆ ಪೊಲೀಸರ ಧಾರಾವಾಹಿಯದು, ಆಮೇಲೆ ಕುದುರೆ ಸವಾರರದು. ಅವರೂ ನಮ್ಮ ಹಾಗೇ ಒಂದೆರಡು ಚಾನೆಲಿನಲ್ಲಿ ಬೆಳೆದವರು, ಎಲ್ಲರ ತಲೆಯಲ್ಲೂ ಅದೇ ಹಾಡುಗಳು. ಅರವತ್ತು ದಾಟಿದ ಗಂಡಸರು ಕುದುರೆಯ ಖುರದ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮರ್ರಿ ಮಾತ್ರ ಕಪ್ಪು ಹಿಡಿದುಕೊಂಡು ಹೊರಗೆ ಹೋಗಿ ನಿಂತಿದ್ದ. ಹಿಂದೆಯೇ ಹೋಗಿ, ಯಾಕೆ ಎಂದೆ.

"ಟಿವಿ ಬ್ಯಾಂಜೊನ ಕೋಡಂಗಿ ಮಾಡ್ತು. ಬ್ಯಾಂಜೊ ಸದ್ದು ಬಂದ್ರೆ ಸಾಕು, ಯಾರೋ ಪೆದ್ದು ಬರ್ತಾನೆ ಅಂತ ಜನ ನಗ್ತಾರೆ. ಆ ಹಾಡುಗಳು ಬ್ಲೂಗ್ರಾಸೇ ಅಲ್ಲ."

ಮಾತು ಇಂಗ್ಲಿಷಿನದು, ಆದರೆ ದನಿ ನಮ್ಮ ಸಭೆಯ ಕಾರ್ಯದರ್ಶಿಯದೇ. ಇಪ್ಪತ್ತಾರು ವರ್ಷ ನುಂಗಿಕೊಂಡದ್ದು ಗಂಟಲಿಗೆ ಬಂತು. ಹಾಲು ಕರೆಯುವ ಈ ಮುದುಕನಿಗೂ ನಾನು ಹೆದರಬೇಕೇ? ಒಳಗೆ ಬಂದು ಕೂತೆ. ನನ್ನ ಸರದಿ ಬಂದಾಗ, "ಇದು ಟಿವಿ ಧಾರಾವಾಹಿಯ ಟ್ಯೂನು" ಎಂದು ಎಲ್ಲರಿಗೂ ಕೇಳುವಂತೆ ಸಾರಿದೆ.

ಎಲ್ಲರೂ ಮರ್ರಿಯನ್ನೇ ನೋಡಿದರು. ಅವನ ದವಡೆ ಬಿಗಿದುಕೊಂಡಿತು. ಆದರೆ ಸರದಿ ನನ್ನದು, ಸರದಿಯವರು ಹೇಳಿದ್ದೇ ಹಾಡು. ಆ ಕಾನೂನು ಅವನದೇ. "ಯಾವ ಶ್ರುತಿ?" ಎಂದಷ್ಟೇ ಕೇಳಿ ಗಿಟಾರು ಎತ್ತಿದ.

ನುಡಿಸಿದೆ. ನಲವತ್ತೈದನೆಯ ಸೆಕೆಂಡಿಗೆ ನನ್ನ ಕೈ ತಾನಾಗಿಯೇ ನಿಂತಿತು.

"ಇದು ಮುಗ್ದಿಲ್ಲ" ಎಂದ ಮರ್ರಿ. "ಮೇಲೇ ನೇತಾಡ್ತಿದೆ. ಮನೆಗೆ ಬಂದಿಲ್ಲ."

ಅದು ನಿಜ. ಟಿವಿಯವರು ಕತ್ತರಿಸಿದ್ದು ಪಂಚಮದ ಮೇಲೆ, ಷಡ್ಜಕ್ಕೆ ಬರುವುದು ನನ್ನ ಭಾಗದಲ್ಲಿ. ಊರಿಗೆ ಊರೇ ವರ್ಷಗಟ್ಟಲೆ ಕೇಳಿದ ಸಂಗೀತದಲ್ಲಿ ಏನೋ ಕಮ್ಮಿ ಇದೆ ಎಂದು ಕಂಡುಹಿಡಿಯಲು ಟಿವಿ ಕಂಡರಾಗದ ಇವನೇ ಬೇಕಾಯಿತು. ಸಾಬೂನಿನ ಕತೆ ಹೇಳಿದೆ. ಅವನಿಗೆ ನನಗಿಂತ ಹೆಚ್ಚು ಸಿಟ್ಟು ಬಂತು.

"ನೋಡು! ಅದಕ್ಕೇ ಟಿವಿ ಬೇಡ ಅಂದಿದ್ದು!"

"ಟಿವಿ ನಂಗೆ ನಲವತ್ತೈದು ಸೆಕೆಂಡಾದ್ರೂ ಕೊಡ್ತು" ಎಂದೆ. "ನಿನ್ನಂಥೋರು ಅಷ್ಟೂ ಕೊಡ್ಲಿಲ್ಲ."

ಅವನು ಗಿಟಾರಿನ ಒಂದು ತಂತಿ ಮೀಟಿ ಶ್ರುತಿ ನೋಡಿಕೊಂಡ. ಆಮೇಲೆ, "ಸರಿ, ಉಳಿದದ್ದು ನುಡ್ಸು" ಎಂದ.

ಕಮಾನು ಎತ್ತಿದೆ. ಬರಲಿಲ್ಲ. ಮೊದಲ ನಾಲ್ಕು ಸ್ವರ ಬಂತು, ಮುಂದೆ ಬಯಲು. ಎಲ್ಲರಿಗೂ ಹಿಡಿಶಾಪ ಹಾಕುತ್ತಾ ಕಾಪಾಡಿಕೊಂಡಿದ್ದೆನೆಂದು ತಿಳಿದಿದ್ದನ್ನು ನಾನೇ ಮರೆತಿದ್ದೆ. ವಾಪಸು ಬರುವಾಗ ಗ್ಲೆನಿಸಳ ಯೂಟಿನಲ್ಲಿ, ಹಿಂದೆ ಸಾಮಾನಿನ ತೊಟ್ಟಿಯಿರುವ ಆ ಗಾಡಿಯಲ್ಲಿ, ಅತ್ತುಬಿಟ್ಟೆ. ಅವಳು ಮನೆ ಬಂದರೂ ನನ್ನನ್ನು ಇಳಿಸದೆ ಇನ್ನೆರಡು ಸುತ್ತು ಹೊಡೆಸಿದಳು.

ಮತ್ತೆ ಗ್ಯಾರೇಜು

ಆ ವಾರವೆಲ್ಲ ಹುಡುಕಿದೆ. ಹೀಗಿತ್ತೇ, ಹಾಗಿತ್ತೇ ಎಂದು ನೂರು ಬಗೆ ನುಡಿಸಿದೆ, ಯಾವುದೂ ಅದಲ್ಲ. ಅಷ್ಟರಲ್ಲಿ ಕಾರ್ಯಕ್ರಮದ ಪಟ್ಟಿ ಪದ್ಮಾಳ ಫೋನಿಗೆ ಬಂತು, ನನ್ನ ಹೆಸರಿನ ಮುಂದೆ ಶಾಸ್ತ್ರೀಯ ಪಿಟೀಲು ಎಂದಿತ್ತು. ಪಟ್ಟಿ ಮಾಡುವ ಗಿರೀಶ ಫೋನು ಮಾಡಿದಾಗ, ಧಾರಾವಾಹಿಯದು ನುಡಿಸುತ್ತೇನೆ ಎಂದೆ.

"ಅಯ್ಯೋ ಆಂಟಿ, ಸೀರಿಯಲ್ ಟ್ಯೂನ್ ಎಲ್ಲ ಬೇಡ. ಮಕ್ಕಳು ನಮ್ ಕಲ್ಚರ್ ನೋಡ್ಬೇಕು ಅಲ್ವಾ? ಒಂದು ಕೀರ್ತನೆ ನುಡಿಸ್ಬಿಡಿ, ಸ್ಟ್ಯಾಂಡರ್ಡ್ ಆಗಿರ್ಲಿ."

"ನೀನು ಚಿಕ್ಕವನಾಗಿದ್ದಾಗ ಭಾನುವಾರ ಏನು ನೋಡ್ತಿದ್ದೆಯಪ್ಪ, ಕೀರ್ತನೆನಾ?" ಎಂದು ಕೇಳಿದೆ. ಅವನು ನಕ್ಕು ಮಾತು ಮರೆಸಿದ.

ಪದ್ಮಾ ಡ್ರೈಯರಿನಿಂದ ಬಟ್ಟೆ ತೆಗೆದು ಮಡಿಸುತ್ತಿದ್ದಳು. "ಅಕ್ಕ, ನೀನು ಹೋಗ್ಬಿಡ್ತೀಯ. ಇವ್ರ ಮಧ್ಯೆ ಇರೋಳು ನಾನು. ಸುಮ್ನೆ ಯಾಕೆ ಹಟ?" ಎಂದಳು. ನಾನು ಮತ್ತೆ ಆ ನಾಲ್ಕು ಸ್ವರ ಎತ್ತಿ ನಿಂತೆ. ಅವಳು ತಲೆದಿಂಬಿನ ಚೀಲ ಕೊಡವುತ್ತಾ, ನನ್ನ ಕಡೆ ನೋಡದೆಯೇ, ಮುಂದಿನದನ್ನು ಗುನುಗಿದಳು.

ನಾನು ಕಮಾನು ಕೆಳಗಿಳಿಸಿದೆ. "ಏನಂದೆ? ಇನ್ನೊಂದ್ಸಲ ಹೇಳು."

ಇಪ್ಪತ್ತು ಸೆಕೆಂಡು, ಮೊದಲಿನಿಂದ ಷಡ್ಜದವರೆಗೆ, ಒಂದು ಗಮಕವೂ ಬಿಡದೆ ಹಾಡಿದಳು. ಸಂಗೀತ ಕಲಿಯದವಳು.

"ನಿಂಗೆ ಹೇಗೆ ಗೊತ್ತೇ?"

"ಹೇಗೆ ಗೊತ್ತು ಅಂದ್ರೆ? ಹದಿನೈದು ದಿನ ಬೆಳಗ್ಗೆ ಸಂಜೆ ಅದನ್ನೇ ಕುಯ್ದು ನನ್ ಪಿಯುಸಿ ಪರೀಕ್ಷೆ ಹಾಳು ಮಾಡ್ಲಿಲ್ವಾ ನೀನು? ಫಿಸಿಕ್ಸ್ ಪೂರ್ತಿ ಮರ್ತೋಗಿದೆ, ಇದು ಹೋಗ್ಲಿಲ್ಲ." ಆಮೇಲೆ ಬಟ್ಟೆ ಕೆಳಗಿಟ್ಟು, "ನುಡ್ಸು ಅಕ್ಕ. ಗಿರೀಶಂಗೆ ನಾನು ಹೇಳ್ಕೋತೀನಿ" ಎಂದಳು.

ಸ್ಯಾಂಡ್ರಿಂಗಮ್

ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಬಸ್ಸು ಇಳಿದರೆ ಕರಿಬೇವಿನ ವಾಸನೆ ಬರುತ್ತದೆ. ಅಂಗಡಿಗಳ ಹಿಂದಿನ ಒಂದು ಸಮುದಾಯ ಭವನದಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ರೇಷ್ಮೆ ಸೀರೆಗಳ ನಡುವೆ, ನನ್ನ ಜೊತೆ ನುಡಿಸಲು ಬಂದಿದ್ದ ಗ್ಲೆನಿಸ್ ಬ್ಯಾಂಜೊ ಹಿಡಿದು, ಬಿಸಿಬೇಳೆಬಾತು ತಿಂದು ಮೂಗು ಒರೆಸಿಕೊಳ್ಳುತ್ತಿದ್ದಳು. ಮರ್ರಿಯೂ ಗಿಟಾರು ಹಿಡಿದು ಬಂದಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. "ಟಿವಿ ಹಾಡು ನಂಗೆ ಈಗ್ಲೂ ಆಗಲ್ಲ. ಉಳಿದದ್ದು ಕೇಳಕ್ಕೆ ಬಂದೆ" ಎಂದ.

ಗಿರೀಶ ನಮ್ಮ ಮೂವರನ್ನೂ ಮೇಲಿನಿಂದ ಕೆಳಗೆ ನೋಡಿದ. "ಆಂಟಿ, ಪದ್ಮಾ ಅವ್ರು ಏನೋ ಹೇಳಿದ್ರು, ಆದ್ರೂ ಕೊನೆಗೆ ಕೀರ್ತನೆ ತಾನೇ?"

"ನೀನೇ ಕೇಳ್ತೀಯಲ್ಲ" ಎಂದು ವೇದಿಕೆಯ ಜಮಖಾನದ ಮೇಲೆ ಕೂತೆ, ಅವರಿಬ್ಬರೂ ವಾದ್ಯ ಹಿಡಿದು ನನ್ನ ಹಿಂದೆ ನಿಂತರು.

ಮೊದಲ ಸಾಲು ಮುಗಿಯುವುದರೊಳಗೆ ಹಾಲಿನಲ್ಲಿ ಗುಜುಗುಜು ಶುರುವಾಯಿತು. ನಲವತ್ತು ದಾಟಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ಸಾಲಿನಿಂದ ಯಾರೋ, "ಏಯ್, ಇದು ನಮ್ ಭಾನುವಾರದ್ದು ಕಣೋ!" ಎಂದು ಕೂಗಿದರು. ಅಡುಗೆಯ ಕಡೆ ಇದ್ದ ಹೆಂಗಸರು ಸೌಟು ಹಿಡಿದೇ ಓಡಿ ಬಂದರು. ಇಷ್ಟು ವರ್ಷದ ಮೇಲೂ, ಸಮುದ್ರ ದಾಟಿದ ಮೇಲೂ, ಮುಕ್ಕಾಲು ನಿಮಿಷಕ್ಕೆ ಎಲ್ಲರೂ ಎದುರಿಗೆ ಬಂದು ನಿಂತರು. ಪಂಚಮ ಬಂತು. ಅವರಿಗೆ ಗೊತ್ತಿದ್ದದ್ದು ಅಲ್ಲಿಗೆ ಮುಗಿಯಿತು. ಇಡೀ ಹಾಲು ಎದ್ದು ಚಪ್ಪಾಳೆ ತಟ್ಟಿತು, ಶಿಳ್ಳೆ ಹೊಡೆಯಿತು. ಗಿರೀಶನೂ ಕಣ್ಣು ಒರೆಸಿಕೊಂಡು ಮೈಕು ಹಿಡಿದು, "ಥ್ಯಾಂಕ್ಯೂ ಆಂಟಿ, ಥ್ಯಾಂಕ್ಯೂ ಸೋ ಮಚ್" ಎನ್ನುತ್ತಾ ವೇದಿಕೆ ಹತ್ತಿದ.

"ಕೂತ್ಕೊಳಪ್ಪ" ಎಂದೆ. "ಇನ್ನೂ ಇದೆ."

ಮರ್ರಿ ಗಿಟಾರು ನಿಲ್ಲಿಸಿರಲಿಲ್ಲ. ಮುಂದಿನ ಸಾಲಿನಲ್ಲಿ ಪದ್ಮಾಳ ತುಟಿ ಆಡುತ್ತಿತ್ತು. ನಾನು ನನ್ನ ಇಪ್ಪತ್ತು ಸೆಕೆಂಡು ನುಡಿಸಿದೆ, ಅಪ್ಪನಿಗೆ ಕೇಳಿಸಬೇಕೆಂದಿದ್ದ ಹಾಗೆಯೇ, ನಿಧಾನವಾಗಿ ಇಳಿದು ಷಡ್ಜಕ್ಕೆ ಬಂದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಅದನ್ನು ಕೇಳಿದ್ದು ಅದೇ ಮೊದಲು, ಎಲ್ಲಿ ಮುಗಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಮುಗಿಯಿತು ಎಂದು ನಾನೂ ಹೇಳಲಿಲ್ಲ. ಕಮಾನು ತಿರುಗಿಸಿ, ಅಷ್ಟನ್ನೂ ಇನ್ನೊಂದು ಸಲ ನುಡಿಸಿದೆ.